ಮುನ್ನುಡಿಯಲ್ಲಿ ಸತ್ತವರು

ಆಮ್‌ಸ್ಟರ್‌ಡಾಮ್, ೧೭೪೪ ಮಾರ್ಚ್ ೯

ಪೂಜ್ಯ ಫೋವೆ ಅವರಿಗೆ, ಅಚ್ಚಿನವನು ಲುಬ್ಬರ್ಟ್ ಹಾಗ್ಸ್ಮಾ ಮಾಡುವ ನಮಸ್ಕಾರಗಳು.

ಈ ಪತ್ರವನ್ನು ಉಣ್ಣೆ ವ್ಯಾಪಾರಿಯೊಬ್ಬನ ಕೈಯಲ್ಲಿ ಕಳಿಸುತ್ತಿದ್ದೇನೆ, ಅಂಚೆಯಲ್ಲಲ್ಲ. ಆದ್ದರಿಂದ ಬಿಚ್ಚಿ ಬರೆಯುತ್ತೇನೆ. ಓದಿದ ಮೇಲೆ ಒಲೆಗೆ ಹಾಕಿ.

ಶುಭ ಸಮಾಚಾರವೆಂದರೆ ನಿಮ್ಮ ‘ಶಿಕ್ಷೆಯ ವಿಚಾರ’ ಅಚ್ಚಾಯಿತು. ಅಶುಭ ಸಮಾಚಾರವೆಂದರೆ ನೀವು ತೀರಿಕೊಂಡಿರಿ.

ಗಾಬರಿ ಬೇಡ. ನೀವು ದಿಜೋನ್‌ನ ಚರ್ಚಿನ ಶಾಲೆಯಲ್ಲಿ ತರ್ಕ ಹೇಳಿಕೊಡುವ ಪಾದ್ರಿಗಳು. ಮನುಷ್ಯ ಮಾಡುವುದೆಲ್ಲ ಹಿಂದಿನ ಕಾರಣಗಳು ಮಾಡಿಸಿದ್ದು, ಗಾಳಿಗೆ ತಿರುಗಿದ್ದಕ್ಕಾಗಿ ಗಿರಣಿಯ ರೆಕ್ಕೆಗೆ ಚಾಟಿ ಬೀಸುವವನು ಹುಚ್ಚನಾದರೆ ಅಪರಾಧಿಗೆ ಚಾಟಿ ಬೀಸುವವನು ಜಾಣ ಹೇಗೆ ಎಂದು ಕೇಳಿದ್ದೀರಿ. ಇದರ ಮೇಲೆ ನಿಮ್ಮ ಹೆಸರು ಹಾಕಿದರೆ ಆ ಚಾಟಿ ಮೊದಲು ಹುಡುಕಿಕೊಂಡು ಬರುವುದು ನಿಮ್ಮ ಬೆನ್ನನ್ನೇ. ನಮ್ಮ ಕಸುಬಿನಲ್ಲಿ ಇದಕ್ಕೊಂದು ಹಳೆಯ ಮದ್ದಿದೆ: ಲೇಖಕನನ್ನು ಸಾಯಿಸಿಬಿಡುವುದು. ಸತ್ತವನನ್ನು ಯಾವ ಸೆರೆಮನೆಗೂ ಹಾಕಲು ಬರುವುದಿಲ್ಲ. ಜೊತೆಗೆ, ಬದುಕಿರುವ ಲೇಖಕ ಅಚ್ಚಿನವನಿಗೆ ತಲೆನೋವು, ಸತ್ತವನು ಬಂಡವಾಳ.

ಹಾಗಾಗಿ ಮುಖಪುಟದಲ್ಲಿ ‘ಇಂಗ್ಲೆಂಡಿನ ನಾರಿಚ್ ಪಟ್ಟಣದ ದಿವಂಗತ ಎಡ್ಮಂಡ್ ಹ್ಯಾಲೋ ಅವರ ಕೃತಿ’ ಎಂದಿದೆ. ಅಂಥವನೊಬ್ಬ ಹುಟ್ಟಿದ್ದು ನನ್ನ ಮೇಜಿನ ಮೇಲೆ, ಬಿಯರ್ ಕುಡಿಯುವಾಗ. ಮುನ್ನುಡಿಯಲ್ಲಿ ಅವನ ಕಾಯಿಲೆ, ಕೊನೆಯ ಮಾತು, ಹಾಸಿಗೆಯ ಕಾಲ್ದೆಸೆಯಲ್ಲಿ ಮಲಗಿದ್ದ ನಾಯಿ ಎಲ್ಲವನ್ನೂ ಬರೆದಿದ್ದೇನೆ. ಅಚ್ಚಿನ ಮೊಳೆ ಜೋಡಿಸುವ ನಮ್ಮ ಮುದುಕ ಮೂಗು ಒರೆಸಿಕೊಂಡು, “ಪಾಪ, ಆಮೇಲೆ ಆ ನಾಯೀನ ಯಾರು ಸಾಕಿದ್ರು ಯಜಮಾನ್ರೇ?” ಅಂತ ಕೇಳಿದ. ಸುಳ್ಳಿನ ಲೆಕ್ಕ ತಾಳೆಯಾಗುವುದು ಅಂಥ ನಾಯಿಗಳಿಂದಲೇ.

ಪುಸ್ತಕ ಬರುವ ಬಗೆ: ಹೊಲಿಯದ ಬಿಡಿ ಹಾಳೆಗಳಾಗಿ, ‘ರೋಗಿಗಳ ಸಾಂತ್ವನ’ ಎಂಬ ಪ್ರಾರ್ಥನಾ ಪುಸ್ತಕದ ಹಾಳೆಗಳ ನಡುನಡುವೆ ಸೇರಿಕೊಂಡು ಬರುತ್ತದೆ. ನಾವು ಇದಕ್ಕೆ ಹಾಳೆಗಳ ಮದುವೆ ಎನ್ನುತ್ತೇವೆ. ಸುಂಕದವನು ಮೇಲೆ ನೋಡಿದರೆ ಭಕ್ತಿ, ಕೆಳಗೆ ನೋಡಿದರೆ ಭಕ್ತಿ. ನಿಮ್ಮೂರಿನ ಪುಸ್ತಕದಂಗಡಿಯ ಗೊದ್ರಾನ್ ಹಾಳೆಗಳಿಗೆ ಸೋಡಚೀಟಿ ಕೊಟ್ಟು ಬೇರೆ ಮಾಡುತ್ತಾನೆ.

ಇನ್ನು ಮುಂದೆ ಅಂಚೆಯಲ್ಲಿ ಬರೆಯುವಾಗ ನೀವು ‘ದಿವಂಗತರು’. ಹಸ್ತಪ್ರತಿ ಸುಟ್ಟುಬಿಡಿ ಎಂದಿದ್ದಿರಿ. ಅದು ಆಯಿತೆಂದೇ ತಿಳಿಯಿರಿ.

ನಿಮ್ಮ,
ಲು. ಹಾಗ್ಸ್ಮಾ


ದಿಜೋನ್, ೧೭೪೪ ಏಪ್ರಿಲ್ ೨

ಪ್ರಿಯ ಹಾಗ್ಸ್ಮಾ,

ದಿವಂಗತರಿಗೆ ಸ್ವಲ್ಪ ನೆಗಡಿ, ಉಳಿದಂತೆ ಕ್ಷೇಮ.

ಮುನ್ನುಡಿಯ ಒಂದು ಹಾಳೆಯನ್ನು ಆ ವ್ಯಾಪಾರಿಯ ಕೈಯಲ್ಲೇ ಕಳಿಸಿದ್ದೀರಿ, ಓದಿದೆ. ಒಂದು ತಕರಾರಿದೆ. ದಿವಂಗತರು ಸಾಯುವಾಗ ಕೀರ್ತನೆ ಹಾಡಿದರು ಎಂದು ಬರೆದಿದ್ದೀರಿ. ಬದುಕಿನುದ್ದಕ್ಕೂ ತರ್ಕ ಹಿಡಿದವನು ಕೊನೆಯ ಗಳಿಗೆಯಲ್ಲಿ ಹಾಡಿಗೆ ಬಿದ್ದನೇ? ಜ್ವರದಲ್ಲಿ ಎಂದು ಸೇರಿಸಿದ್ದರೂ ಆಗುತ್ತಿತ್ತು. ನಾಯಿಯ ವಿಷಯದಲ್ಲಿ ನನ್ನ ಆಕ್ಷೇಪವಿಲ್ಲ.

ಹಾಳೆಗಳು ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಗೊದ್ರಾನ್ ಹಾಸಿಗೆ ಹಿಡಿದಿದ್ದಾನಂತೆ. ಅಂಗಡಿಯ ಕಡೆ ಹೋಗಲು ನನಗೆ ನೆಪವೂ ಇಲ್ಲ, ಧೈರ್ಯವೂ ಇಲ್ಲ. ಸಾಸಿವೆ ಕೊಳ್ಳುವ ಸೋಗಿನಲ್ಲಿ ಎದುರಿನ ಅಂಗಡಿಗೆ ಹೋಗಿ ಬಂದೆ. ಈಗ ನಮ್ಮ ಅಡುಗೆಮನೆಯಲ್ಲಿ ಒಂದು ಪಾಳೆಯಕ್ಕಾಗುವಷ್ಟು ಸಾಸಿವೆಯಿದೆ.

ಆ. ಫೋ.


ದಿಜೋನ್, ೧೭೪೪ ಮೇ ೧೧

ಪ್ರಿಯ ಹಾಗ್ಸ್ಮಾ,

ಕುಳಿತು ಓದಿ, ಇಲ್ಲವಾದರೆ ನಕ್ಕು ಬೀಳುತ್ತೀರಿ. ನಿಮ್ಮ ಉಣ್ಣೆ ವ್ಯಾಪಾರಿಯೇ ಒಯ್ಯುತ್ತಿರುವುದರಿಂದ ಬಿಚ್ಚಿ ಬರೆಯುತ್ತೇನೆ.

ಗೊದ್ರಾನ್ ಈಸ್ಟರಿಗೆ ಮುಂಚೆ ತೀರಿಕೊಂಡ. ಅವನ ಹೆಂಡತಿಗೆ ಹಾಳೆಗಳ ಮದುವೆಯ ಸಂಗತಿ ಗೊತ್ತಿಲ್ಲ. ಮೂಟೆ ಬಂದದ್ದೇ ಅದನ್ನು ಹಾಗೆಯೇ ರಟ್ಟು ಕಟ್ಟುವ ನಿಕೇಸ್ ತ್ರುಶೋನ ಮನೆಗೆ ಹೊರಿಸಿದಳು. ನಿಕೇಸ್ ನಮ್ಮ ಶಾಲೆಯ ಹಿಂದಿನ ಓಣಿಯವನು. ಓದು ಬರುವುದಿಲ್ಲ. ಹಾಳೆಯ ಅಡಿಯಲ್ಲಿರುವ ಗುರುತಿನ ಅಕ್ಷರ ನೋಡಿ, ಎ ಆದಮೇಲೆ ಬಿ ಎಂದು ಮಡಿಸಿ ಹೊಲಿಯುತ್ತಾನೆ. ನೀವೋ ಎರಡು ಪುಸ್ತಕಕ್ಕೂ ಒಂದೇ ಅಳತೆ, ಒಂದೇ ಮೊಳೆ, ಒಂದೇ ಗುರುತು ಹಾಕಿದ್ದೀರಿ. ಪಾಪ, ಅವನು ಕೈಗೆ ಸಿಕ್ಕ ಅಕ್ಷರವನ್ನು ಸರದಿಯಂತೆ ಹೊಲಿದ. ಗಂಡ ಹೆಂಡತಿ ಬೇರೆಯಾಗಲೇ ಇಲ್ಲ!

ಆ ಪ್ರತಿಗಳು ಹೋದದ್ದು ಸನ್ಯಾಸಿನಿಯರ ಮಠಕ್ಕೆ. ಅಲ್ಲಿ ಊಟದ ಹೊತ್ತಿಗೆ ಒಬ್ಬಾಕೆ ಗಟ್ಟಿಯಾಗಿ ಓದುವುದು, ಉಳಿದವರು ಮಾತಿಲ್ಲದೆ ಸೂಪು ಕುಡಿಯುವುದು ಪದ್ಧತಿ. ಕೆಮ್ಮಿನ ಪ್ರಾರ್ಥನೆ ಮುಗಿಯಿತು, ಹಾಳೆ ತಿರುವಿದಳು, ಗಿರಣಿಯ ರೆಕ್ಕೆ ಬಂತು. ಓದಿದಳು. ಯಾರೂ ಚಮಚ ಕೆಳಗಿಡಲಿಲ್ಲ. ಮಾರನೆಯ ದಿನವೂ ಓದಿದಳು. ಹಿರಿಯ ಸಿಸ್ಟರ್ ಒಬ್ಬರು, “ಎಷ್ಟು ಕರುಣೆಯ ಮಾತು! ಯಾವ ಸಂತರದ್ದಮ್ಮ ಇದು?” ಎಂದು ಕೇಳಿದರಂತೆ. ಬಿಷಪ್ಪರ ಕಾರ್ಯದರ್ಶಿ ಊಟಕ್ಕೆ ಬಂದ ದಿನವಷ್ಟೇ ಗುಟ್ಟು ರಟ್ಟಾಯಿತು.

ಹಾಗ್ಸ್ಮಾ, ಬರೆದವರೆಲ್ಲ ಕನಸು ಕಾಣುವುದು ಇಂಥ ಓದುಗರಿಗಾಗಿಯೇ. ಪೂರ್ವಗ್ರಹವಿಲ್ಲದೆ, ಬಾಯಿ ಮುಚ್ಚಿಕೊಂಡು, ಬ್ರೆಡ್ಡಿನ ಜೊತೆ ದಿವಂಗತರ ವಾದವನ್ನು ನುಂಗಿದರು, ಯಾರಿಗೂ ಅಜೀರ್ಣವಾಗಲಿಲ್ಲ. ನನಗೆ ನಿದ್ದೆಯೇ ಬರಲಿಲ್ಲ, ಸಂತೋಷಕ್ಕೆ.

ನಿನ್ನೆ ನಿಕೇಸನ ಬಾಗಿಲಲ್ಲಿ ಪೊಲೀಸರು ನಿಂತಿದ್ದರು. ಕೇಳುವುದನ್ನು ಕೇಳಿ ಹೋಗುತ್ತಾರೆ. ಅವನಿಗೇನು ಗೊತ್ತು?

ಆ. ಫೋ.


ಆಮ್‌ಸ್ಟರ್‌ಡಾಮ್, ೧೭೪೪ ಮೇ ೨೭

ಪೂಜ್ಯರೇ,

ವ್ಯಾಪಾರಿ ತಂದ ಪತ್ರ ಓದಿ ನಕ್ಕೆ, ಉತ್ತರವೂ ಅವನ ಕೈಯಲ್ಲೇ. ನನ್ನ ಹೆಂಡತಿ ಸಿಟ್ಸ್ಕೆಗೆ ಓದಿ ಹೇಳಿದೆ, ಅವಳೂ ನಕ್ಕಳು. ಆಮೇಲೆ ನಿಮ್ಮ ಕೊನೆಯ ಎರಡು ಸಾಲನ್ನು ಇನ್ನೊಂದು ಸಲ ಓದಿಸಿಕೊಂಡು, “ಆ ರಟ್ಟಿನವನಿಗೆ ಮಕ್ಕಳಿದಾವಾ?” ಅಂದಳು. ನನಗೆ ಗೊತ್ತಿಲ್ಲ ಅಂದೆ. “ಸತ್ತೋನ ನಾಯಿ ಬಗ್ಗೆ ಎಲ್ಲಾ ಗೊತ್ತು ನಿಂಗೆ” ಅಂದು ಎದ್ದುಹೋದಳು.

ನಾನು ಕೂಲಿಗೆ ದೋಣಿ ಎಳೆದ ಅಪ್ಪನ ಮಗ. ಮೇಲೆ ಬಂದದ್ದು ಒಂದೇ ವಿದ್ಯೆಯಿಂದ: ಯಾವಾಗ ಮಾತಾಡಬೇಕು, ಯಾವಾಗ ಮಾತಾಡಬಾರದು. ಈಗ ಮಾತಾಡಬಾರದ ಕಾಲ. ಆ ಓಣಿಗೆ ಕಾಲಿಡಬೇಡಿ. ನಿಕೇಸನ ಪರವಾಗಿ ಒಂದು ಮಾತೂ ಬೇಡ. ಊರಿಗೆಲ್ಲ ಇಲ್ಲದ ಮರುಕ ನಿಮಗೇಕೆ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ದಿವಂಗತರು ದಿವಂಗತರಾಗಿಯೇ ಇರುವುದು ಎಲ್ಲರಿಗೂ ಕ್ಷೇಮ. ರಟ್ಟಿನವನನ್ನು ನಾಲ್ಕು ದಿನ ಕೂರಿಸಿ, ಬೈದು ಬಿಡುತ್ತಾರೆ.

ಗುರುತಿನ ಅಕ್ಷರ ಬದಲಿಸದೆ ಹೋದದ್ದು ನನ್ನ ಅಚ್ಚುಕೂಟದ ತಪ್ಪು ಎಂದು ನೀವು ಹೇಳಬಹುದು. ಆದರೆ ನಿಮ್ಮ ಪುಸ್ತಕದ ಪ್ರಕಾರ ಯಾವ ತಪ್ಪೂ ಯಾರ ತಪ್ಪೂ ಅಲ್ಲವಲ್ಲ! ಗಾಳಿ ಬೀಸಿತು, ರೆಕ್ಕೆ ತಿರುಗಿತು.

ಪುಸ್ತಕ ಇಲ್ಲಿ ಬಿಸಿಬಿಸಿಯಾಗಿ ಹೋಗುತ್ತಿದೆ. ಎಲ್ಲರೂ ಹೊಗಳುವುದು ಮುನ್ನುಡಿಯನ್ನು.

ಲು. ಹಾ.


ದಿಜೋನ್, ೧೭೪೪ ಜೂನ್ ೧೨

ಹಾಗ್ಸ್ಮಾ,

ಚುಟುಕಾಗಿ ಬರೆಯುತ್ತೇನೆ, ಮನ್ನಿಸಿ. ದಿವಂಗತರ ಸ್ವಂತ ಕೈಬರಹದ ಪ್ರತಿ ಏನಾಗಿದೆ? ಆ ಬಗ್ಗೆ ನೀವು ಬರೆದದ್ದು ನಿಜವೇ? ಒಂದು ಹಾಳೆಯಾದರೂ ಎಲ್ಲಾದರೂ ಉಳಿದಿದೆಯೇ? ನನಗೆ ಇದು ಖಚಿತವಾಗಿ ಗೊತ್ತಾಗಬೇಕು. ಕಾರಣವನ್ನು ಇಲ್ಲಿ ಬರೆಯುವಂತಿಲ್ಲ. ಮೊದಲ ಅಂಚೆಗೇ ಉತ್ತರಿಸಿ.

ನಿಕೇಸನನ್ನು ಬಿಟ್ಟಿಲ್ಲ. ಅವನ ಹೆಂಡತಿ ಪೆರೆತ್ ದಿನವೂ ನಮ್ಮ ಶಾಲೆಯ ಮುಂದಿನಿಂದಲೇ ಸೆರೆಮನೆಗೆ ಬುತ್ತಿ ಒಯ್ಯುತ್ತಾಳೆ. ನನ್ನನ್ನು ಕಂಡರೆ ನಿಂತು ಆಶೀರ್ವಾದ ಕೇಳುತ್ತಾಳೆ.

ಆ.


ಆಮ್‌ಸ್ಟರ್‌ಡಾಮ್, ೧೭೪೪ ಜೂನ್ ೨೬

ಪೂಜ್ಯರೇ,

ನಿಶ್ಚಿಂತೆಯಿಂದಿರಿ. ಇನ್ನು ನಿಮ್ಮ ಕೂದಲೂ ಕೊಂಕುವುದಿಲ್ಲ.

ಈ ಪತ್ರ ವ್ಯಾಪಾರಿಯ ಕೈಯಲ್ಲಿ ಬರುತ್ತಿದೆ, ಆದ್ದರಿಂದ ಈಗ ನಿಜ ಹೇಳುತ್ತೇನೆ. ಮಾರ್ಚಿನಲ್ಲಿ ನಾನು ಅದನ್ನು ಸುಟ್ಟಿರಲಿಲ್ಲ. ಸಿಟ್ಸ್ಕೆಯ ಬಟ್ಟೆಯ ಪೆಟ್ಟಿಗೆಯಲ್ಲಿ ಅಡಗಿಸಿದ್ದೆ. ಕಾಗದ ಸುಡುವುದು ನನ್ನ ಕೈಗೆ ಒಗ್ಗದ ಕೆಲಸ. ಜೊತೆಗೆ, ಹೊಡೆದು ಹಾಕಿದ ಸಾಲುಗಳೂ ಅಂಚಿನಲ್ಲಿ ನೀವು ನಿಮಗೇ ಬೈದುಕೊಂಡದ್ದೂ ಅದರಲ್ಲಿದ್ದವು. ಒಂದು ಕಡೆ ‘ಮೂರ್ಖ ಆನ್ಸೆಲ್ಮ್, ಇದು ವಾದವಲ್ಲ, ಅಳು’ ಎಂದು ಬರೆದಿದ್ದಿರಿ. ಅದು ನನಗೆ ಇಷ್ಟವಾಗಿತ್ತು. ಎಂದಾದರೂ ಒಂದು ದಿನ, ನಾವೆಲ್ಲ ನಿಜವಾಗಿ ಸತ್ತ ಮೇಲೆ, ಬೆಲೆ ಬರುತ್ತದೆ ಎಂದುಕೊಂಡಿದ್ದೆ.

ಆದರೆ ನಿಮ್ಮ ಪತ್ರದ ಭಯ ಕಂಡು ನನಗೆ ನಾಚಿಕೆಯಾಯಿತು. ಅದು ಕೈಗೆ ಬಂದ ಮಧ್ಯಾಹ್ನವೇ ಒಲೆಯ ಮುಂದೆ ಕುಳಿತು ಒಂದೊಂದೇ ಹಾಳೆ ಹಾಕಿದೆ. ಬೂದಿಯನ್ನೂ ಕದಡಿದೆ. ನಿಮ್ಮ ಕೈಯ ಒಂದು ಅಲ್ಪವಿರಾಮವೂ ಈ ಭೂಮಿಯ ಮೇಲೆ ಉಳಿದಿಲ್ಲ. ನನ್ನ ಬದುಕಿನಲ್ಲಿ ಅಕ್ಷರಶಃ ನಡೆಸಿಕೊಟ್ಟ ಮಾತು ಇದೊಂದೇ ಇರಬೇಕು. ಈಗ ದೇವರೇ ಇಳಿದು ಬಂದರೂ ನೀವೇ ಬರೆದದ್ದೆಂದು ಸಾಬೀತು ಮಾಡಲಾರ.

ಲು. ಹಾ.


ದಿಜೋನ್, ೧೭೪೪ ಜುಲೈ ೧೩

ಹಾಗ್ಸ್ಮಾ,

ಗುಟ್ಟಿನ ಹೆಸರುಗಳು ಇನ್ನು ಸಾಕು. ಈ ಪತ್ರವನ್ನು ಅಂಚೆಯವರು ಒಡೆದು ಓದಲಿ, ಓದಲೆಂದೇ ಬರೆಯುತ್ತಿದ್ದೇನೆ. ‘ಶಿಕ್ಷೆಯ ವಿಚಾರ’ ಬರೆದವನು ನಾನು. ದಿಜೋನ್‌ನಲ್ಲಿ ತರ್ಕ ಕಲಿಸುವ ಆನ್ಸೆಲ್ಮ್ ಫೋವೆ.

ನಾನು ಕೈಬರಹ ಕೇಳಿದ್ದು ಭಯದಿಂದಲ್ಲ. ಒಂದು ಹಾಳೆ ಉಳಿದಿದ್ದರೆ ಅದನ್ನು ಒಯ್ದು ದಂಡಾಧಿಕಾರಿಯ ಮೇಜಿನ ಮೇಲಿಡಬೇಕೆಂದಿದ್ದೆ. ಉಳಿದಿರಲಿ, ಕಾಗದ ಸುಡಲಾರದ ಹಾಗ್ಸ್ಮಾ ನನಗೆ ಮೋಸ ಮಾಡಿರಲಿ ಎಂದು ಪ್ರಾರ್ಥಿಸಿದೆ. ನನ್ನ ಪ್ರಾರ್ಥನೆ ಈಡೇರಿತ್ತು, ನನ್ನ ಪತ್ರ ನಿಮ್ಮನ್ನು ಮುಟ್ಟುವವರೆಗೆ.

ನಿಮ್ಮ ಉತ್ತರಕ್ಕೆ ಕಾಯದೆ ಹೋದೆ. ನಿಕೇಸನ ಮೇಲಿನ ಆರೋಪ ಓದಿದ ಮೇಲೆ ಕಾಯಲಾಗಲಿಲ್ಲ. ಸನ್ಯಾಸಿನಿಯರ ಪ್ರಾರ್ಥನೆಯ ನಡುವೆ ನಾಸ್ತಿಕ ಹಾಳೆಗಳನ್ನು ಬೇಕೆಂದೇ ಹೊಲಿದು ದೇವರನ್ನು ಅಣಕಿಸಿದ್ದಾನಂತೆ. ಓದು ಬಾರದವನು! ಗೊದ್ರಾನ್‌ನ ಹೆಂಡತಿ ತನಗೇನೂ ಗೊತ್ತಿಲ್ಲವೆಂದು ಶಿಲುಬೆ ಮುಟ್ಟಿದ್ದಾಳೆ. ಅದು ನಿಜವೂ ಹೌದು.

ದಂಡಾಧಿಕಾರಿ ನನ್ನನ್ನು ಮರ್ಯಾದೆಯಿಂದ ಕೂರಿಸಿದ, ವೈನ್ ತರಿಸಿದ. ಹೇಳಬೇಕಾದದ್ದನ್ನು ಹೇಳಿದೆ. ಅವನು ಗ್ಲಾಸು ಕೆಳಗಿಟ್ಟು ನಕ್ಕ.

“ಪಾದ್ರಿಗಳೇ, ನಿಮ್ಮ ಮನಸ್ಸು ದೊಡ್ದು. ಆ ಬಡವನ ಹೆಂಡ್ತಿ ನಿಮ್ಮ ಹತ್ರ ಬಂದು ಅತ್ಲು, ಅಲ್ವಾ?”

“ಅತ್ತಳು. ಆದರೆ ಬರೆದದ್ದು ನಾನೇ.”

“ಬರ್ದೋನು ಇಂಗ್ಲೆಂಡಿನವ್ನು, ಸತ್ತೂ ಆಯ್ತು. ನಾನೂ ಓದಿದೀನಿ ಸ್ವಾಮಿ, ನನ್ ಕೆಲ್ಸ ಅದು. ಆ ಮುನ್ನುಡಿ ಓದೋವಾಗ, ಬೇಡ್ವೋ ಅಂದ್ರೂ, ಕಣ್ಣಲ್ಲಿ ನೀರು ಬಂತು. ಆ ನಾಯಿ...”

“ನಾಯಿ ಸುಳ್ಳು!”

“ನಾಯೀನ ಯಾರಾದ್ರೂ ಸುಳ್ಳು ಬರೀತಾರಾ?”

ಪುಸ್ತಕ ಮುಚ್ಚಿಡಿ, ಬೇಕಾದ ಅಧ್ಯಾಯ ಬಾಯಲ್ಲೇ ಹೇಳುತ್ತೇನೆ ಎಂದೆ. ಹೇಳಿದೆ ಕೂಡ. ಅವನು ತಲೆದೂಗುತ್ತಾ ಕೇಳಿದ. “ನನ್ ತಮ್ಮ ವಕೀಲ, ಅವ್ನೂ ಹೀಗೇ ಹೇಳ್ತಾನೆ. ಕದ್ದು ಓದೋರು ಬಾಯಿಪಾಠಾನೇ ಮಾಡೋದು. ಅದಕ್ಕೆ ಒಂದ್ವಾರ ಉಪವಾಸ ಮಾಡಿ, ಸಾಕು. ನಿಮ್ಮ ಕೈಬರಹದ್ದು ಏನಾದ್ರೂ ಇದ್ರೆ ತನ್ನಿ, ನೋಡೋಣ” ಎಂದ. ಬಾಗಿಲ ತನಕ ಬಂದು ಭುಜದ ಮೇಲೆ ಕೈಯಿಟ್ಟು ದನಿ ತಗ್ಗಿಸಿದ: “ಸತ್ತಿರೋ ಇಂಗ್ಲಿಷ್‌ನೋನು ಒಬ್ಬ, ರಟ್ಟು ಕಟ್ಟೋನು ಒಬ್ಬ, ಇಬ್ರೂ ಸಿಕ್ಕಾಗಿದೆ. ಬಿಷಪ್ಪರ ಶಾಲೆಯಿಂದ ಮೂರನೆಯೋರು ಯಾರಿಗೂ ಬೇಕಿಲ್ಲ. ಅರ್ಥ ಆಯ್ತಾ?”

ಅವನು ನಂಬಲಿಲ್ಲವೋ, ನಂಬಿಯೂ ನಂಬಲಿಲ್ಲವೋ ನನಗೆ ಗೊತ್ತಾಗಲಿಲ್ಲ. ಅಲ್ಲಿಂದ ಮನೆಗೆ ಬಂದರೆ ನಿಮ್ಮ ಪತ್ರ ಕಾಯುತ್ತಿತ್ತು. ಒಲೆ, ಬೂದಿ, ಅಲ್ಪವಿರಾಮ.

ನಿಕೇಸನ ಪರವಾಗಿ ಈ ಲೋಕದಲ್ಲಿ ಒಳ್ಳೆಯ ವಾದ ಇರುವುದು ಒಂದೇ ಪುಸ್ತಕದಲ್ಲಿ. ಆ ಪುಸ್ತಕದಿಂದ ಒಂದು ಸಾಲು ಹೇಳಿದರೂ ಅವನ ಕುತ್ತಿಗೆಯ ಹಗ್ಗ ಬಿಗಿಯುತ್ತದೆ. ಏನಾದರೂ ಮಾಡಿ ಹಾಗ್ಸ್ಮಾ. ಮಾತಿನಲ್ಲಿ ಬದುಕಿದವರು ನೀವು. ಮುಖಪುಟ ಬದಲಿಸಿ, ನನ್ನ ಹೆಸರು ಹಾಕಿ.

ಆನ್ಸೆಲ್ಮ್ ಫೋವೆ


ಆಮ್‌ಸ್ಟರ್‌ಡಾಮ್, ೧೭೪೪ ಜುಲೈ ೩೦

ಪೂಜ್ಯರೇ,

ನಿಮ್ಮ ಪತ್ರದ ಅರಗಿನ ಮುದ್ರೆ ಒಡೆಯದೆ ಬಂತು. ಬರೀ ಹವಾಮಾನದ ಸುದ್ದಿಯಿರುವ ಪತ್ರಗಳನ್ನೂ ಬಿಡದೆ ಬಿಚ್ಚುವ ಅಂಚೆಯವರು ಇದೊಂದನ್ನು ಮುಟ್ಟಿಲ್ಲ.

ನನಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಈ ಮಾತನ್ನು ನಾನು ಹೇಳಿದ್ದನ್ನು ಇದುವರೆಗೆ ಯಾರೂ ಕೇಳಿಲ್ಲ. ಜೂನಿನ ನಿಮ್ಮ ಪತ್ರವನ್ನು ಮತ್ತೆ ತೆಗೆದು ನೋಡಿದೆ. ಬುತ್ತಿ ಒಯ್ಯುವ ಹೆಂಗಸಿನ ಮಾತು ಅದರಲ್ಲೇ ಇತ್ತು. ಭಯಪಟ್ಟವನು ಆ ಸಾಲು ಬರೆಯುತ್ತಿರಲಿಲ್ಲ. ನಾನು ಹೆದರುವವನಾಗಿದ್ದರಿಂದ ಅದರಲ್ಲಿ ಹೆದರಿಕೆಯನ್ನೇ ಓದಿದೆ.

ನೋಟರಿಯ ಹತ್ತಿರ ಹೋಗಿ ಪ್ರಮಾಣ ಮಾಡುತ್ತೇನೆಂದೆ: ಹ್ಯಾಲೋ ಎಂಬವನಿಲ್ಲ, ಮುನ್ನುಡಿ ನನ್ನದು, ಹಾಳೆ ಬೆರೆಸಿದ್ದು ನಾನು. ಅವನು ಲೇಖನಿ ಅದ್ದುವ ಮೊದಲೇ, “ಹಾಗ್ಸ್ಮಾ, ಹೋದ ವರ್ಷ ಇದೇ ಕುರ್ಚೀಲಿ ಕೂತು ಆ ಜರ್ಮನಿ ಲೇಖಕ ಬದುಕಿದಾನೆ ಅಂತ ಪ್ರಮಾಣ ಮಾಡಿದ್ದೆ. ಅವ್ನು ಸತ್ತಿದ್ದ” ಎಂದ. ಆದರೂ ಬರೆಸಿದೆ, ಕಳಿಸಿದ್ದೇನೆ.

ಮುಖಪುಟವನ್ನು ಹೊಸದಾಗಿ ಅಚ್ಚು ಹಾಕಿದೆ. ‘ದಿಜೋನ್‌ನಲ್ಲಿ ಜೀವಂತವಾಗಿರುವ ಆನ್ಸೆಲ್ಮ್ ಫೋವೆ ಅವರ ಕೃತಿ, ಆಮ್‌ಸ್ಟರ್‌ಡಾಮ್‌ನಲ್ಲಿ ಲುಬ್ಬರ್ಟ್ ಹಾಗ್ಸ್ಮಾ ಅಚ್ಚು ಹಾಕಿದ್ದು.’ ಮೊಳೆ ಜೋಡಿಸುವ ಮುದುಕ ಓದಿ, “ಇದೇನ್ ಯಜಮಾನ್ರೇ, ಎಲ್ಲಾ ನಿಜಾನೇ ಇದೆ?” ಎಂದು ಹೆದರಿದ. ಮುನ್ನುಡಿ ಕಿತ್ತು ಹಾಕಿದ್ದೇನೆ. ಕೊಳ್ಳುವವರು ಈಗಾಗಲೇ ಕೇಳುತ್ತಿದ್ದಾರೆ, ನಾಯಿ ಎಲ್ಲಿ ಎಂದು. ಲಂಡನ್ನಿನಿಂದ ಒಬ್ಬ ಪುಸ್ತಕ ವ್ಯಾಪಾರಿ ಬರೆದಿದ್ದಾನೆ: ಹ್ಯಾಲೋ ಅವರ ಸಮಾಧಿ ನಾರಿಚ್‌ನಲ್ಲಿ ಎಲ್ಲಿದೆ, ಅಭಿಮಾನಿಗಳು ಕಲ್ಲು ನೆಡಬೇಕೆಂದಿದ್ದಾರೆ.

ಮೇ ತಿಂಗಳಲ್ಲಿ ನಿಮಗೆ ಒಂದು ಚುಚ್ಚುಮಾತು ಬರೆದಿದ್ದೆ, ಯಾವ ತಪ್ಪೂ ಯಾರ ತಪ್ಪೂ ಅಲ್ಲ ಎಂದು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸಿಟ್ಸ್ಕೆ ಪೆರೆತ್‌ಗೆಂದು ಒಂದು ಉಣ್ಣೆಯ ಶಾಲು ಕಳಿಸಿದ್ದಾಳೆ. ಬೇಸಿಗೆಯಲ್ಲಿ ಶಾಲು ಯಾಕೆ ಎಂದೆ. “ಚಳಿಗಾಲ ಬರಲ್ವಾ?” ಅಂದಳು.

ಲುಬ್ಬರ್ಟ್


ದಿಜೋನ್, ೧೭೪೪ ಸೆಪ್ಟೆಂಬರ್ ೩

ಪ್ರಿಯ ಲುಬ್ಬರ್ಟ್,

ಶಾಲು ತಲುಪಿತು. ನಾನೇ ಒಯ್ದು ಕೊಟ್ಟೆ.

ಉಳಿದವೂ ತಲುಪಿದವು. ದಂಡಾಧಿಕಾರಿ ಹೊಸ ಮುಖಪುಟವನ್ನು ಬೆಳಕಿಗೆ ಹಿಡಿದು ನೋಡಿ, “ಚೆನ್ನಾಗಿದೆ. ಆಮ್‌ಸ್ಟರ್‌ಡಾಮ್‌ನೋರ ಮುಖಪುಟ ನಂಬೋದಾದ್ರೆ ಸ್ವರ್ಗದಲ್ಲೂ ಒಂದು ಅಚ್ಚುಕೂಟ ಇದೆ ಪಾದ್ರಿಗಳೇ” ಎಂದ. ನಿಮ್ಮ ಪ್ರಮಾಣಪತ್ರವನ್ನು ಓದದೆ ಮಡಿಸಿದ. ಅದು ಪ್ರಾಟೆಸ್ಟೆಂಟನ ಆಣೆಯಂತೆ, ಇಲ್ಲಿ ನಡೆಯುವುದಿಲ್ಲವಂತೆ. ಬಿಷಪ್ಪರು ನನ್ನನ್ನು ಕರೆಸಿ, ದುಡಿದು ದಣಿದಿದ್ದೀರಿ, ಹಳ್ಳಿಯ ಕಡೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ನನ್ನ ಪಾಠಗಳನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ಎಲ್ಲರೂ ನನ್ನೊಡನೆ ಮೆಲ್ಲಗೆ, ಕಾಯಿಲೆಯವನೊಡನೆ ಮಾತಾಡುವಂತೆ ಮಾತಾಡುತ್ತಾರೆ.

ನಿಕೇಸನಿಗೆ ರಾಜನ ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆಯಾಯಿತು. ಭುಜದ ಮೇಲೆ ಬರೆ ಹಾಕಿದರು. ನಿನ್ನೆ ಬೆಳಿಗ್ಗೆ ಸಂಕೋಲೆಯ ಸಾಲು ಮಾರ್ಸೆ ಬಂದರಿಗೆ ಹೊರಟಿತು. ಪಾದ್ರಿಯಾದ್ದರಿಂದ ಹತ್ತಿರ ಬಿಟ್ಟರು. ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ.

“ನಿಕೇಸ್, ಕೇಳು. ಆ ಹಾಳೆಗಳನ್ನು ಬರೆದವನು ನಾನು. ನೀನು ಅನುಭವಿಸುತ್ತಿರುವುದು ನನ್ನದು.”

ಅವನು ನನ್ನನ್ನು ಕನಿಕರದಿಂದ ನೋಡಿದ. “ಬಿಡಿ ಸ್ವಾಮಿ. ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತೀರಿ. ಪೆರೆತ್ ಹೇಳಿದ್ಲು, ಹಿಂಗೆ ಹೇಳ್ಕೊಂಡ್ ತಿರುಗ್ತಿದೀರಂತೆ. ಬೇಡಿ, ನಿಮ್ ಹೆಸ್ರು ಕೆಡ್ಸ್ಕೋಬೇಡಿ.”

“ನಿಜ ಹೇಳುತ್ತಿದ್ದೇನೆ, ಕಣಯ್ಯಾ.”

“ನಮ್ಮ ಮಗು ಹೋದಾಗ ರಾತ್ರಿಯೆಲ್ಲ ಜೊತೇಲಿ ಕೂತಿದ್ರಲ್ಲ, ಅವ್ರಾ ಇಂಥದ್ದು ಬರ್ಯೋದು?”

ಲುಬ್ಬರ್ಟ್, ನಿಮಗೆ ಇದನ್ನು ಯಾವತ್ತೂ ಬರೆದಿರಲಿಲ್ಲ. ಆ ಮಗುವಿಗೆ ಸ್ನಾನದೀಕ್ಷೆ ಕೊಡುವ ಮೊದಲೇ ಉಸಿರು ನಿಂತಿತ್ತು. ಅದು ದೇವರಿಂದ ದೂರವೇ ಉಳಿಯುವ ಶಿಕ್ಷೆಗೆ ಹೋಯಿತೇ ಎಂದು ಪೆರೆತ್ ಬೆಳಗಿನವರೆಗೆ ನನ್ನನ್ನು ಕೇಳಿದಳು. ಮನೆಗೆ ಬಂದವನೇ ಪುಸ್ತಕದ ಮೊದಲ ಸಾಲು ಬರೆದೆ. ನಿಮಗೆ ಇಷ್ಟವಾದ ಆ ಅಂಚಿನ ಮಾತು ಅಲ್ಲಿಯದೇ. ಮಠಕ್ಕೆ ಹೋದ ಪ್ರತಿಯಲ್ಲಿ ನಿಕೇಸ್ ಹೊಲಿದದ್ದು ತನ್ನ ಮಗುವಿಗಾಗಿ ಬರೆದ ಆ ಹಾಳೆಗಳನ್ನೇ.

ಕಾವಲಿನವನು ಏಳಿ ಎಂದು ಕೂಗಿದ. ನಿಕೇಸ್ ಸರಪಳಿ ಎತ್ತಿಕೊಳ್ಳುತ್ತಾ ಕೇಳಿದ: “ಹೋಗ್ಲಿ, ಅದನ್ನ ಬರ್ದೋನು ಯಾರು ಸ್ವಾಮಿ? ಸಿಕ್ದ್ನಾ?”

ಅವನು ಕಾಯುತ್ತಿದ್ದ. ಅವನಿಗೆ ನಾನು ಕೊಡಬಹುದಾದದ್ದು, ಅವನು ನನ್ನಿಂದ ತೆಗೆದುಕೊಳ್ಳಬಲ್ಲದ್ದು, ಒಂದೇ ಉತ್ತರ ಉಳಿದಿತ್ತು.

“ಸತ್ತುಹೋದ” ಎಂದೆ. “ಇಂಗ್ಲೆಂಡಿನಲ್ಲಿ. ಜ್ವರ ಬಂದು.”

“ಅಯ್ಯೋ ಪಾಪ” ಎಂದ ನಿಕೇಸ್. “ಅವ್ನಿಗೂ ಒಂದು ಪ್ರಾರ್ಥನೆ ಹೇಳಿ ಸ್ವಾಮಿ. ಅವ್ನಿಗೇನ್ ಗೊತ್ತು, ಯಾರು ಹೊಲೀತಾರೆ ಅಂತ.”

ಆನ್ಸೆಲ್ಮ್